ಕೈಗೆಲಸದ ವಿದ್ಯೆ ಯಾರ ಮಕ್ಕಳಿಗೆ?

(ತಾಲ್ಲೂಕು ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಶಾಲೆಗಳಲ್ಲಿ ಕಸಬಿನ ಶಿಕ್ಷಣ ಎಂಬ ವಿಷಯದ ಮೇಲೆ ನಾಲ್ಕು ಮಾತಾಡಬೇಕೆಂದು ಶಿಬಿರದ ವ್ಯವಸ್ಥಾಪಕರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ದೊಡ್ಡ ಪದವಿ ಪಡೆದವನಲ್ಲ. ಮೆಟ್ರಿಕ್‌ವರೆಗೆ ಓದಿ, ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಪಕ್ಷದ ಕೆಲಸಕ್ಕೆ ಬಂದವನು. ಆದ್ದರಿಂದ ಪಂಡಿತರ ಹಾಗೆ ಶಿಕ್ಷಣ ಶಾಸ್ತ್ರವನ್ನು ವಿವರಿಸುವುದು ನನ್ನಿಂದಾಗದು. ಕರಿಹಲಗೆಯ ಮುಂದೆ ನಿಂತು ಕಂಡದ್ದನ್ನೂ, ಹಳ್ಳಿಗಳಲ್ಲಿ ತಿರುಗಿ ಕೇಳಿದ್ದನ್ನೂ, ಚರಿತ್ರೆಯಲ್ಲಿ ಓದಿದ್ದನ್ನೂ ನಿಮ್ಮ ಮುಂದೆ ಇಡುತ್ತೇನೆ. ತಪ್ಪೊಪ್ಪು ನೀವೇ ತೂಗಿ ನೋಡಿ.

ಮಕ್ಕಳಿಗೆ ಪುಸ್ತಕದ ಜೊತೆಗೆ ಕೈಗೆಲಸವನ್ನೂ ಕಲಿಸಬೇಕು ಎಂದು ಇವತ್ತು ಹೇಳದವರಿಲ್ಲ. ಮಂತ್ರಿಗಳು ಹೇಳುತ್ತಾರೆ, ಕಾರ್ಖಾನೆಯ ಮಾಲೀಕರು ಹೇಳುತ್ತಾರೆ, ಮಠಾಧೀಶರು ಹೇಳುತ್ತಾರೆ. ಎಲ್ಲರೂ ಒಂದೇ ಮಾತು ಹೇಳುವಾಗ ಸಮಾಜವಾದಿಯಾದವನು ಸ್ವಲ್ಪ ನಿಂತು ಯೋಚಿಸಬೇಕು. ಕಲಿಸಬೇಕು, ಸರಿ. ಯಾರ ಮಕ್ಕಳಿಗೆ ಕಲಿಸಬೇಕು? ಏತಕ್ಕಾಗಿ ಕಲಿಸಬೇಕು? ಈ ಎರಡು ಪ್ರಶ್ನೆಗೆ ಉತ್ತರ ಸಿಗುವವರೆಗೆ ಹೂಂಗುಟ್ಟಬಾರದು.

ಮೊದಲು ಈ ವಿಚಾರ ನಮ್ಮ ದೇಶದಲ್ಲಿ ನಡೆದು ಬಂದ ದಾರಿಯನ್ನು ನೋಡೋಣ.

1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಒಂದು ಶಿಕ್ಷಣ ಸಮ್ಮೇಳನ ಸೇರಿತು. ಆಗತಾನೇ ಹಲವು ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಬಂದಿದ್ದವು. ಎಲ್ಲ ಮಕ್ಕಳಿಗೂ ವಿದ್ಯೆ ಕೊಡಬೇಕು, ಬೊಕ್ಕಸದಲ್ಲಿ ಹಣವಿಲ್ಲ. ಆಗ ಗಾಂಧೀಜಿ ಮುಂದಿಟ್ಟ ಸಲಹೆ ಇದು: ಏಳು ವರ್ಷಗಳ ಉಚಿತ, ಕಡ್ಡಾಯ ವಿದ್ಯಾಭ್ಯಾಸ, ಅದು ತಾಯ್ನುಡಿಯಲ್ಲೇ ನಡೆಯಬೇಕು, ಒಂದು ಉತ್ಪಾದಕ ಕಸಬನ್ನು ನಡುವೆ ಇಟ್ಟುಕೊಂಡು ಉಳಿದ ಪಾಠಗಳನ್ನು ಅದರ ಸುತ್ತ ಹೆಣೆಯಬೇಕು. ಡಾ. ಜಾಕಿರ್ ಹುಸೇನರ ಸಮಿತಿ ಅದೇ ವರ್ಷದ ಡಿಸೆಂಬರಿನಲ್ಲಿ ಪಾಠಕ್ರಮದ ವರದಿ ಕೊಟ್ಟಿತು. 1938ರ ಹರಿಪುರ ಕಾಂಗ್ರೆಸ್ಸು ಅದನ್ನು ಒಪ್ಪಿತು. ನಯೀ ತಾಲೀಮ್ ಎಂದೂ ಮೂಲ ಶಿಕ್ಷಣ ಎಂದೂ ನಾವು ಕರೆಯುವುದು ಇದನ್ನೇ.

ಅದರ ಒಳಗಿದ್ದ ತತ್ವ ದೊಡ್ಡದು. ನೂಲು ತೆಗೆಯುವ ಹುಡುಗ ಹತ್ತಿ ಬೆಳೆಯುವ ಮಣ್ಣನ್ನು ತಿಳಿಯಬೇಕು. ಎಳೆಯ ಉದ್ದ ಅಳೆದು ಲೆಕ್ಕ ಕಲಿಯಬೇಕು. ನಮ್ಮ ಹತ್ತಿ ಹಡಗೇರಿ ಹೋಗಿ ಬಟ್ಟೆಯಾಗಿ ಬಂದ ಕಥೆಯಿಂದ ಚರಿತ್ರೆ ಕಲಿಯಬೇಕು. ತಕಲಿ ಅಲ್ಲಿ ಬರಿಯ ಸಲಕರಣೆಯಲ್ಲ, ಅದೇ ಪಠ್ಯಪುಸ್ತಕ. ಎಲ್ಲಕ್ಕಿಂತ ಮಿಗಿಲಾಗಿ, ಬ್ರಾಹ್ಮಣರ ಹುಡುಗನೂ ಮಾದಿಗರ ಹುಡುಗನೂ ಒಂದೇ ಚಾಪೆಯ ಮೇಲೆ ಕೂತು ಒಂದೇ ಅರಳೆಯನ್ನು ಹಿಂಜಬೇಕು ಎಂಬುದು ಅದರ ಆಶಯವಾಗಿತ್ತು. ಬರೆಯುವ ಕೈ ಮೇಲು, ಮಾಡುವ ಕೈ ಕೀಳು ಎಂಬ ಸಾವಿರಾರು ವರ್ಷದ ರೋಗಕ್ಕೆ ಅದು ಮದ್ದಾಗಬೇಕಿತ್ತು.

ಅದೇಕೆ ಫಲಿಸಲಿಲ್ಲ? ಯೋಜನೆಯಲ್ಲೇ ಒಂದು ಬಿರುಕಿತ್ತು. ಮಕ್ಕಳು ಮಾಡಿದ ಸಾಮಾನು ಮಾರಿ ಉಪಾಧ್ಯಾಯರ ಸಂಬಳದ ಖರ್ಚು ಹುಟ್ಟಬೇಕೆಂದು ಗಾಂಧೀಜಿ ಆಸೆಪಟ್ಟರು. ಹಣದ ಕಡೆಗೇ ಗಮನ ಹೋಗಿ ಕಲಿಕೆ ಹಿಂದೆ ಬಿದ್ದೀತು ಎಂಬ ಅಪಾಯವನ್ನು ಜಾಕಿರ್ ಹುಸೇನರ ವರದಿಯೇ ಎತ್ತಿ ಹೇಳಿತ್ತು. ಬಿರುಕು ಅದೊಂದೇ ಅಲ್ಲ. ಸ್ವಾತಂತ್ರ್ಯ ಬಂದ ಮೇಲೆ ಹಳ್ಳಿಯ ಮಕ್ಕಳಿಗೆ ಬೇಸಿಕ್ ಶಾಲೆ, ಪಟ್ಟಣದ ಉಳ್ಳವರ ಮಕ್ಕಳಿಗೆ ಇಂಗ್ಲಿಷ್ ಶಾಲೆ ಎಂದು ಎರಡು ದಾರಿಗಳಾದವು. ತಕಲಿ ಹಿಡಿದವನಿಗೆ ಮುಂದೆ ಕಾಲೇಜಿನ ಬಾಗಿಲು ತೆರೆಯುತ್ತದೆಂಬ ಭರವಸೆ ಇರಲಿಲ್ಲ. ನೂಲಿನ ಮಹಿಮೆಯನ್ನು ಸಭೆಗಳಲ್ಲಿ ಕೊಂಡಾಡಿದ ಮುಂದಾಳುಗಳೇ ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಸೇರಿಸಿದರು. ಜನ ದಡ್ಡರಲ್ಲ. ದೊಡ್ಡವರು ಬಾಯಲ್ಲಿ ಏನು ಹೇಳುತ್ತಾರೆ ಎಂಬುದನ್ನು ಅವರು ನೋಡುವುದಿಲ್ಲ, ಮಗನನ್ನು ಎಲ್ಲಿಗೆ ಕಳಿಸುತ್ತಾರೆ ಎಂಬುದನ್ನು ನೋಡುತ್ತಾರೆ.

ಇನ್ನೊಂದು ಪಾಠ ನೆರೆಯ ಮದರಾಸಿನಿಂದ ಬಂತು. 1953ರಲ್ಲಿ ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಒಂದು ಹೊಸ ಯೋಜನೆ ತಂದರು. ಮಗು ದಿನಕ್ಕೆ ಮೂರು ಗಂಟೆ ಶಾಲೆಯಲ್ಲಿರಬೇಕು. ಉಳಿದ ಹೊತ್ತು ಮನೆಯಲ್ಲಿ ತಂದೆಯ ಕಸಬು ಕಲಿಯಬೇಕು. ಒಂದೇ ಕಟ್ಟಡದಲ್ಲಿ, ಇದ್ದ ಉಪಾಧ್ಯಾಯರಿಂದಲೇ, ಎರಡು ಪಾಳಿಯಲ್ಲಿ ಹೆಚ್ಚು ಮಕ್ಕಳಿಗೆ ಪಾಠವಾಗುತ್ತದೆ, ಖರ್ಚು ಉಳಿಯುತ್ತದೆ ಎಂಬುದು ಸರ್ಕಾರದ ವಾದ. ಕೇಳಲು ಸೊಗಸಾಗಿದೆ. ಆದರೆ ಕ್ಷೌರಿಕನ ಮಗ ಕತ್ತರಿಯನ್ನೇ ಹಿಡಿಯಬೇಕು, ಅಗಸನ ಮಗಳು ಬಟ್ಟೆಯನ್ನೇ ಒಗೆಯಬೇಕು, ಜೀತದವನ ಮಗ ಜೀತವನ್ನೇ ಕಲಿಯಬೇಕು ಎಂದಲ್ಲವೆ ಇದರ ಅರ್ಥ? ಪೆರಿಯಾರ್ ರಾಮಸ್ವಾಮಿಯವರೂ ದ್ರಾವಿಡ ಚಳವಳಿಯವರೂ ಇದಕ್ಕೆ ಕುಲಕಸುಬಿನ ಶಿಕ್ಷಣವೆಂದು ಹೆಸರಿಟ್ಟು ಬೀದಿಗಿಳಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ಅವರ ನಂತರ ಬಂದ ಕಾಮರಾಜರು ಆ ವರ್ಷದ ಮೇ ತಿಂಗಳಲ್ಲೇ ಯೋಜನೆಯನ್ನು ಕೈಬಿಟ್ಟರು. ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೇ ಸೇರಿತ್ತು ಎಂಬುದನ್ನು ಮರೆಯಬೇಡಿ. ಇದು ಪರರಾಜ್ಯದ ಕಥೆಯಲ್ಲ, ನಮ್ಮದೂ ಹೌದು.

ವಾರ್ಧಾದ ಮಾತಿಗೂ ಮದರಾಸಿನ ಮಾತಿಗೂ ವ್ಯತ್ಯಾಸ ಎಲ್ಲಿದೆ ಎಂದು ಗುರುತಿಸಿಕೊಳ್ಳಿ. ಒಂದರಲ್ಲಿ ಮಗು ಶಾಲೆಯಲ್ಲಿ ಎಲ್ಲರ ಜೊತೆ ಕೂತು ಒಂದು ಕಸಬನ್ನು ಕಲಿಯುತ್ತದೆ. ಇನ್ನೊಂದರಲ್ಲಿ ಮಗುವನ್ನು ಶಾಲೆಯಿಂದ ಹೊರಕ್ಕೆ ಕಳಿಸಿ ಅಪ್ಪನ ಕಸಬಿಗೆ ಕಟ್ಟಿಹಾಕಲಾಗುತ್ತದೆ. ಮೊದಲನೆಯದು ಜಾತಿಯನ್ನು ಸಡಿಲಿಸಬಹುದು. ಎರಡನೆಯದು ಅದನ್ನು ಬಿಗಿಯುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟು ನಮ್ಮ ಮುಂದೆ ತಂದರೆ ನಾವು ಮೋಸಹೋಗಬಾರದು.

ಈ ಮಾತು ಹಳೆಯದಾಯಿತೆಂದು ತಿಳಿಯಬೇಡಿ. 2016ರಲ್ಲಿ ಬಾಲಕಾರ್ಮಿಕ ಕಾಯಿದೆಗೆ ತಿದ್ದುಪಡಿಯಾಯಿತು. ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ದುಡಿಮೆಗೂ ಹಚ್ಚಬಾರದೆಂದು ಅದು ಹೇಳುತ್ತದೆ, ಸ್ವಾಗತ. ಆದರೆ ಅದೇ ಉಸಿರಿನಲ್ಲಿ, ಶಾಲೆ ಬಿಟ್ಟ ಮೇಲೂ ರಜೆಯಲ್ಲೂ, ಅಪಾಯವಿಲ್ಲದ ಮನೆತನದ ಉದ್ಯೋಗದಲ್ಲಿ ಮಗು ನೆರವಾಗಬಹುದು ಎನ್ನುತ್ತದೆ. ಬೀಡಿ ಕಟ್ಟುವ ಮನೆಯ ಮಗುವಿನ ಸಂಜೆಯೂ ವಕೀಲರ ಮನೆಯ ಮಗುವಿನ ಸಂಜೆಯೂ ಒಂದೇ ಆಗಿರುತ್ತದೆಯೆ? ಬೀಡಿಯ ಕೆಲಸ ಅಪಾಯದ ಪಟ್ಟಿಯಲ್ಲಿದ್ದರೂ ಮನೆಯೊಳಗೆ ನುಗ್ಗಿ ನೋಡುವ ಇನ್‌ಸ್ಪೆಕ್ಟರು ಯಾರು?

ಈಗ 1966ಕ್ಕೆ ಬರೋಣ. ಆ ವರ್ಷ ಕೊಠಾರಿ ಆಯೋಗ ತನ್ನ ವರದಿ ಒಪ್ಪಿಸಿತು. ಅದರಲ್ಲಿ ಎರಡು ಮುಖ್ಯ ಸಲಹೆಗಳಿದ್ದವು. ಒಂದು, ಎಲ್ಲ ಶಾಲೆಗಳಲ್ಲೂ ಕಾರ್ಯಾನುಭವ ಇರಬೇಕು. ಎರಡು, ನೆರೆಹೊರೆಯ ಎಲ್ಲ ಮಕ್ಕಳೂ, ಬಡವನದಾಗಲಿ ಬಲ್ಲಿದನದಾಗಲಿ, ಒಂದೇ ಶಾಲೆಗೆ ಹೋಗುವ ಸಮಾನ ಶಾಲಾ ವ್ಯವಸ್ಥೆ ಬರಬೇಕು. ಸರ್ಕಾರದವರು ಮೊದಲನೆಯದನ್ನು ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ಡಾಗಿ ಬರೆದುಕೊಂಡರು. ಎರಡನೆಯದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಎಲ್ಲ ಕೇಡೂ ಇಲ್ಲಿಂದ ಹುಟ್ಟಿದೆ. ಜೋಡೆತ್ತಿನ ಗಾಡಿಗೆ ಒಂದೇ ಎತ್ತು ಹೂಡಿದರೆ ಗಾಡಿ ಸುತ್ತು ಹೊಡೆಯುತ್ತದೆಯೇ ಹೊರತು ಊರು ಸೇರುವುದಿಲ್ಲ.

1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದಕ್ಕೆ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದು ಹೊಸ ಹೆಸರು ಕೊಟ್ಟಿತು. 1986ರ ರಾಷ್ಟ್ರೀಯ ನೀತಿಯು 1995ರ ಹೊತ್ತಿಗೆ ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳಲ್ಲಿ ಶೇಕಡಾ 25 ಮಂದಿ ಕಸಬಿನ ಶಿಕ್ಷಣದಲ್ಲಿರಬೇಕೆಂದು ಗುರಿ ಇಟ್ಟಿತು. ಗುರಿ ಕಾಗದದಲ್ಲೇ ಉಳಿಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಒಪ್ಪಿಕೊಂಡಂತೆ, ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅಂದಾಜಿನಲ್ಲಿ 19ರಿಂದ 24 ವಯಸ್ಸಿನ ದುಡಿಯುವ ಜನರಲ್ಲಿ ಕ್ರಮಬದ್ಧವಾದ ಕಸಬಿನ ಶಿಕ್ಷಣ ಪಡೆದವರು ಶೇಕಡಾ 5ಕ್ಕೂ ಕಡಿಮೆ. ಅದೇ ಲೆಕ್ಕದಲ್ಲಿ ಜರ್ಮನಿಯಲ್ಲಿ 75, ದಕ್ಷಿಣ ಕೊರಿಯಾದಲ್ಲಿ 96. ಆ ನೀತಿ ಆರನೆಯ ತರಗತಿಯಿಂದ ಎಂಟನೆಯ ತರಗತಿಯ ನಡುವೆ ಹತ್ತು ದಿನ ಪುಸ್ತಕದ ಚೀಲ ಬಿಟ್ಟು ಬಡಗಿ, ಕುಂಬಾರ, ತೋಟಗಾರರ ಬಳಿ ಮಕ್ಕಳು ಕೆಲಸ ನೋಡಿ ಕಲಿಯಬೇಕೆಂದಿತು. ನಮ್ಮ ರಾಜ್ಯ ಸರ್ಕಾರ ಆ ನೀತಿಯನ್ನು ಬಿಟ್ಟು 2023ರಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಬೇರೆ ಆಯೋಗ ನೇಮಿಸಿತು. ಅದರ ವರದಿ 2025ರಲ್ಲಿ ಬಂದಿದೆ. ನೀತಿಗಳು ಬರುತ್ತವೆ, ಹೋಗುತ್ತವೆ. ನಾನು ಕೇಳುವುದು ಇಷ್ಟೇ: ಹತ್ತು ದಿನ ಕುಂಬಾರನ ಮನೆ ನೋಡಿ ಬಂದರೆ ಅದು ಕಲಿಕೆಯೋ, ಜಾತ್ರೆಯೋ?

ಸಂಗಾತಿಗಳೇ, ಈಗ ಎದುರುಮಾತಿಗೆ ಬರುತ್ತೇನೆ. ಇದು ಶತ್ರುಗಳ ಮಾತಲ್ಲ, ನಮ್ಮವರದೇ ಮಾತು. ಒಂದು ಹಳ್ಳಿಯ ಸಭೆಯಲ್ಲಿ ನಾನು ಈ ವಿಷಯ ಎತ್ತಿದಾಗ ನಾಟಿ ಕೆಲಸ ಮುಗಿಸಿ ಬಂದಿದ್ದ ಒಬ್ಬ ತಾಯಿ ಎದ್ದು ನಿಂತು ಹೇಳಿದಳು: “ಮೇಷ್ಟ್ರೇ, ನನ್ನ ಮಗ ಗುದ್ದಲಿ ಹಿಡೀಬಾರ್ದು ಅಂತ ನಾನು ಇಸ್ಕೂಲಿಗೆ ಕಳಿಸ್ತೀನಿ. ಅಲ್ಲೂ ಗುದ್ದಲೀನೇ ಕೊಟ್ರೆ ಇಸ್ಕೂಲು ಯಾಕೆ ಬೇಕು, ಗೌಡ್ರ ಗದ್ದೆ ಸಾಕಲ್ಲ!” ಸಭೆ ನಕ್ಕಿತು. ನಗುವ ಮಾತಲ್ಲ ಅದು. ಅವಳು ಕೈಗೆಲಸವನ್ನು ಹೀಗಳೆಯಲಿಲ್ಲ. ಅವಳಿಗಿಂತ ಚೆನ್ನಾಗಿ ಕೆಲಸ ಬಲ್ಲವರು ಆ ಸಭೆಯಲ್ಲಿ ಯಾರೂ ಇರಲಿಲ್ಲ. ಗುದ್ದಲಿ ತನ್ನ ಮಗನ ಕೈಗೆ ಮಾತ್ರ ಬರುತ್ತದೆ, ಗೌಡರ ಮಗನ ಕೈಗೆ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತು. ಅವಳಿಗೆ ಉತ್ತರ ಕೊಡದೆ ನಾವು ಒಂದು ಹೆಜ್ಜೆಯೂ ಮುಂದಿಡಲಾಗದು.

ಅವಳ ಭಯ ಸುಳ್ಳಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದಾಗ ಇಡೀ ರಾಜ್ಯ ತಲೆತಗ್ಗಿಸಿತು. ಇದನ್ನು ಯಾರಾದರೂ ಶ್ರಮದ ಪಾಠವೆಂದು ಕರೆದರೆ ಅವರ ಮುಖಕ್ಕೆ ಹೇಳಿ, ಇದು ಪಾಠವಲ್ಲ, ಅಪರಾಧ ಎಂದು. ಶಾಲೆಯ ಅಂಗಳ ಗುಡಿಸುವ ಸರದಿ ಇದ್ದರೆ ಅದರಲ್ಲಿ ಎಲ್ಲ ಜಾತಿಯ ಮಕ್ಕಳೂ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಹೆಡ್‌ಮಾಸ್ತರರೂ ಸೇರಿರಬೇಕು. ಇಲ್ಲದಿದ್ದರೆ ಪೊರಕೆಯನ್ನೇ ಮುಟ್ಟಿಸಬೇಡಿ.

ಹಾಗಾದರೆ ಕಲಿಸಬೇಕಾದದ್ದು ಏನು? ಸರಳವಾಗಿ ಹೇಳುತ್ತೇನೆ. ದುಡಿಯುವವನ ಮಗು, ತನ್ನ ದುಡಿಮೆಯನ್ನು ಯಾರೂ ಕದಿಯದಂತೆ ನೋಡಿಕೊಳ್ಳುವ ವಿದ್ಯೆಯನ್ನು ಮೊದಲು ಕಲಿಯಬೇಕು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಡಾ. ಲೋಹಿಯಾ ಅಲ್ಲಿಗೆ ಬಂದು ದಸ್ತಗಿರಿಯಾದರು. ಶಾಂತವೇರಿ ಗೋಪಾಲಗೌಡರಂಥವರು ಆ ಚಳವಳಿಯಲ್ಲಿ ಹೋರಾಡಿದರು. ಜಗಳ ಯಾವುದರ ಸುತ್ತ ಎದ್ದದ್ದು? ಗೇಣಿಯ ಭತ್ತ ಅಳೆಯುವ ಕೊಳಗದ ಸುತ್ತ. ಗೇಣಿ ತೆಗೆದುಕೊಳ್ಳುವಾಗ ಧಣಿಯ ಕೊಳಗ ದೊಡ್ಡದಾಗಿರುತ್ತಿತ್ತು. ಎಷ್ಟು ಸೇರಿಗೆ ಒಂದು ಕೊಳಗ ಎಂಬ ಪ್ರಶ್ನೆ ಕೇಳಿದ ದಿನವೇ ಆ ರೈತರು ಎದ್ದು ನಿಂತರು. ಅಳತೆ ಎಂಬುದು ಬರಿಯ ಗಣಿತವಲ್ಲ, ನ್ಯಾಯ. ಅಳೆಯಲು ಬಲ್ಲವನನ್ನು ವಂಚಿಸುವುದು ಕಷ್ಟ.

ಇವತ್ತಿನ ಕೊಳಗಗಳು ಬೇರೆ. ನಮ್ಮ ಹುಡುಗರು ಎಸ್ಸೆಸ್ಸೆಲ್ಸಿ ಪಾಸು ಮಾಡುತ್ತಾರೆ. ಮನೆಯ ಹೊಲವನ್ನು ಅಳೆಯಲು ಬರುವುದಿಲ್ಲ. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ; ಅಂಥ 40 ಸೇರಿದರೆ ಒಂದು ಎಕರೆ. ಒಂದು ಹಗ್ಗ, ನಾಲ್ಕು ಗೂಟ ಸಾಕು, ಕ್ಷೇತ್ರಗಣಿತದ ಪಾಠ ಬಯಲಿನಲ್ಲೇ ಆಗುತ್ತದೆ. ಜೊತೆಗೆ ಪಹಣಿಯನ್ನು ಓದಿಸಿ. ಸರ್ವೆ ನಂಬರು, ಖರಾಬು, ಸಾಲದ ಋಣ, ಸ್ವಾಧೀನದ ಕಾಲಂ ಇವೆಲ್ಲ ಮಗುವಿಗೆ ತಿಳಿಯಲಿ. ಐದು ಕುದುರೆ ಶಕ್ತಿಯ ಪಂಪು ಎಂದರೆ 3,730 ವಾಟು. ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದರೂ ನಾಲ್ಕು ಗಂಟೆ ಓಡಿದರೆ ಸುಮಾರು 15 ಯೂನಿಟ್ಟು. ಭೌತಶಾಸ್ತ್ರ ಓದಿದ ಹುಡುಗ ಫ್ಯೂಸು ಕಟ್ಟಲು ಹೆದರುತ್ತಾನೆ, ಕಟ್ಟಲು ಹೋದವನು ಯಾವುದು ಅಪಾಯ ಎಂದು ತಿಳಿಯದೆ ಸಾಯುತ್ತಾನೆ. ಹಾಲಿನ ಸಂಘದಲ್ಲಿ ಬೆಲೆ ಕಟ್ಟುವುದು ಕೊಬ್ಬಿನ ಅಂಶವನ್ನೂ ಕೊಬ್ಬಲ್ಲದ ಘನಾಂಶವನ್ನೂ ನೋಡಿ. ಆ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಎಷ್ಟು ಮಕ್ಕಳಿಗೆ ಗೊತ್ತು? ಮನೆಯಲ್ಲಿ ಹಸು ಕರೆಯುವ ತಾಯಿಗೆ ಆ ಚೀಟಿಯನ್ನು ಓದಿ ಹೇಳುವ ಮಗಳು ಬೇಡವೆ?

ಇದರ ಜೊತೆಗೆ ಸಹಕಾರದ ಪಾಠ ಇರಲಿ. ಭಾರತದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ. ಪ್ರತಿ ಪ್ರೌಢಶಾಲೆಯಲ್ಲೂ ಮಕ್ಕಳದೇ ಒಂದು ಸಣ್ಣ ಸಹಕಾರ ಅಂಗಡಿ ಇರಲಿ: ನೋಟ್‌ಬುಕ್ಕು, ಪೆನ್ನು, ಪೆನ್ಸಿಲು. ಖಾತೆ ಬರೆಯುವವರು ಮಕ್ಕಳು, ಲೆಕ್ಕ ಪರಿಶೋಧಿಸುವವರು ಮಕ್ಕಳು, ಮಹಾಸಭೆಯಲ್ಲಿ ಎದ್ದು ಪ್ರಶ್ನೆ ಕೇಳುವವರು ಮಕ್ಕಳು. ಬ್ಯಾಂಕುಗಳ, ಸಂಘಗಳ ಹಣ ನುಂಗುವವರಿಗೆ ನಾಳೆ ಇವರೇ ಕಂಟಕರಾಗುತ್ತಾರೆ.

ಕೈಗೆಲಸ ಕಲಿಸುವುದು ಆಗದ ಮಾತೇನಲ್ಲ. ಪುಣೆ ಜಿಲ್ಲೆಯ ಪಾಬಳ್ ಎಂಬ ಹಳ್ಳಿಯಲ್ಲಿ ಡಾ. ಶ್ರೀನಾಥ್ ಕಲಬಾಗ್ ಎಂಬ ವಿಜ್ಞಾನಿ 1983ರಲ್ಲಿ ವಿಜ್ಞಾನ ಆಶ್ರಮ ಆರಂಭಿಸಿದರು. ಅವರು ರೂಪಿಸಿದ ಪಾಠಕ್ರಮದಲ್ಲಿ ಎಂಟರಿಂದ ಹತ್ತನೆಯ ತರಗತಿಯ ಮಕ್ಕಳು ವಾರಕ್ಕೆ ಒಂದು ದಿನ ಕೆಲಸ ಕಲಿಯುತ್ತಾರೆ: ಕಬ್ಬಿಣ ಮರದ ಕೆಲಸ ಮತ್ತು ಕಟ್ಟಡ, ವಿದ್ಯುತ್ತು ಮತ್ತು ಪರಿಸರ, ಬೇಸಾಯ ಮತ್ತು ಪಶುಪಾಲನೆ, ಮನೆ ಮತ್ತು ಆರೋಗ್ಯ. ಎಲ್ಲ ಮಕ್ಕಳೂ ನಾಲ್ಕನ್ನೂ ಕಲಿಯಬೇಕು. ಇದೇ ಮುಖ್ಯ. ಕಮ್ಮಾರನ ಮಗ ಅಡಿಗೆ, ಆರೋಗ್ಯದ ಪಾಠ ಕಲಿಯುತ್ತಾನೆ. ಹುಡುಗಿ ಬೆಸುಗೆ ಹಾಕುತ್ತಾಳೆ. ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ಮರಗೆಲಸ ಎಂದು ಹಂಚುವ ನಮ್ಮ ಶಾಲೆಗಳ ಪದ್ಧತಿ ಕುಲಕಸುಬಿನ ಅಕ್ಕನೋ ತಂಗಿಯೋ ಆಗಿದೆ. ಅದೂ ಹೋಗಬೇಕು.

ಕಲಿಸುವವರು ಯಾರು? ನಾವು ಉಪಾಧ್ಯಾಯರಲ್ಲಿ ಬಹಳ ಮಂದಿಗೆ ಉಳಿ ಹಿಡಿಯಲು ಬರುವುದಿಲ್ಲ. ಊರಿನ ಬಡಗಿಗೆ ಬರುತ್ತದೆ, ಮೇದಾರನಿಗೆ ಬರುತ್ತದೆ, ಕರೆಂಟಿನ ಕೆಲಸದವನಿಗೆ ಬರುತ್ತದೆ. ಅವರನ್ನು ಶಾಲೆಗೆ ಕರೆಯಿರಿ. ಅವರಿಗೆ ಪದವಿ ಕೇಳಬೇಡಿ, ಸರಿಯಾದ ಸಂಬಳ ಕೊಡಿ. ಮಕ್ಕಳು ಅವರನ್ನೂ ಮೇಷ್ಟ್ರೇ ಎಂದು ಕರೆಯಲಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಿದಿರು ಹೆಣೆಯುವ ಮೇದರ ಕೇತಯ್ಯ ಇವರು ವಿದ್ವಾಂಸರ ಸಮಕ್ಕೆ ಕೂತು ಮಾತಾಡಿದರಂತೆ. ಕಾಯಕದ ಹಿರಿಮೆಯನ್ನು ವೇದಿಕೆಗಳ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸುವವರು ಒಬ್ಬ ಮೇದಾರನಿಗೆ ಶಾಲೆಯಲ್ಲಿ ಒಂದು ಕುರ್ಚಿ ಹಾಕಿಸಲಿ ನೋಡೋಣ.

ಇನ್ನು ನಮ್ಮ ಬೇಡಿಕೆಗಳನ್ನು ಸ್ಪಷ್ಟಪಡಿಸುತ್ತೇನೆ.

ಒಂದು: ಕೈಗೆಲಸದ ಪಾಠ ಎಲ್ಲ ಶಾಲೆಗಳಲ್ಲೂ ಇರಬೇಕು, ಲಕ್ಷಗಟ್ಟಲೆ ಫೀಜು ಕೀಳುವ ಖಾಸಗಿ ಶಾಲೆಗಳಲ್ಲಿ ಮೊದಲು ಇರಬೇಕು. ಸಮಾನ ಶಾಲೆಯ ಬೇಡಿಕೆಯನ್ನು ಇದರಿಂದ ಬೇರ್ಪಡಿಸಕೂಡದು.

ಎರಡು: ಯಾವ ಮಗುವಿಗೂ ಅದರ ಮನೆತನದ ಕಸಬು ನೋಡಿ ಕೆಲಸ ಹಂಚಬಾರದು. ಪ್ರತಿ ಮಗುವೂ ಕೊನೆಯಪಕ್ಷ ನಾಲ್ಕು ಬಗೆಯ ಕೆಲಸಗಳಲ್ಲಿ ಸರದಿಯಂತೆ ಕೈಯಾಡಿಸಬೇಕು.

ಮೂರು: ಇದಕ್ಕಾಗಿ ಭಾಷೆ, ಗಣಿತ, ವಿಜ್ಞಾನಗಳ ಪಾಠ ಕಡಿಮೆಯಾಗಬಾರದು. ಕೈಗೆಲಸ ಕಲಿತ ಮಗುವಿಗೆ ಡಾಕ್ಟರಾಗುವ ದಾರಿಯೂ ತೆರೆದಿರಬೇಕು.

ನಾಲ್ಕು: ಮಕ್ಕಳ ಶ್ರಮದಿಂದ ಯಾರೂ ಲಾಭ ಮಾಡಬಾರದು. ಶಾಲೆಯ ಕೈತೋಟದ ಸೊಪ್ಪು ಮಕ್ಕಳದೇ ಬಿಸಿಯೂಟಕ್ಕೆ ಹೋಗಲಿ. ಮಾಡಿದ ಬೆಂಚು ಅದೇ ಶಾಲೆಯಲ್ಲಿ ಉಳಿಯಲಿ. ತರಬೇತಿಯ ಹೆಸರಿನಲ್ಲಿ ಕಾರ್ಖಾನೆಗೆ ಅಗ್ಗದ ಆಳು ಒದಗಿಸುವ ಒಪ್ಪಂದಗಳನ್ನು ನಾವು ತಡೆಯುತ್ತೇವೆ.

ಐದು: ಸಾಮಾನು, ಸಲಕರಣೆ, ಕುಶಲಕರ್ಮಿಗಳ ಸಂಬಳ ಇವಕ್ಕೆ ಬಜೆಟ್ಟಿನಲ್ಲಿ ಪ್ರತ್ಯೇಕ ಹಣ ಇಡಬೇಕು. ಹಣವಿಲ್ಲದ ಯೋಜನೆ ಎಣ್ಣೆಯಿಲ್ಲದ ದೀಪ.

ಸಂಗಾತಿಗಳೇ, ಆ ತಾಯಿಗೆ ಕೊಡಬೇಕಾದ ಉತ್ತರ ಈ ಐದು ಮಾತುಗಳಲ್ಲಿದೆ. ಅಮ್ಮಾ, ನಿನ್ನ ಮಗನ ಕೈಗೆ ಮಾತ್ರ ಗುದ್ದಲಿ ಕೊಡುವ ಶಾಲೆಯನ್ನು ನಾವೇ ನಿಂತು ಮುಚ್ಚಿಸುತ್ತೇವೆ. ಗೌಡರ ಮಗನೂ ನಿನ್ನ ಮಗನೂ ಒಟ್ಟಿಗೆ ಗುದ್ದಲಿ ಹಿಡಿದು ಒಟ್ಟಿಗೆ ಬೀಜಗಣಿತ ಕಲಿಯುವ ಶಾಲೆಯನ್ನು ತೆರೆಸುತ್ತೇವೆ. ಇದು ಒಂದು ದಿನದಲ್ಲಿ ಆಗುವ ಕೆಲಸವಲ್ಲ. ಆದರೆ ಆರಂಭಕ್ಕೆ ವಿಧಾನಸೌಧದ ಅಪ್ಪಣೆ ಬೇಕಿಲ್ಲ. ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಸಮಿತಿ ಇದೆ. ಅದರಲ್ಲಿ ತಂದೆತಾಯಿಗಳಿಗೆ ಸ್ಥಾನವಿದೆ. ಶಿಬಿರ ಮುಗಿಸಿ ಊರಿಗೆ ಹೋದ ಮೇಲೆ ನೀವು ಪ್ರತಿಯೊಬ್ಬರೂ ನಿಮ್ಮೂರಿನ ಸಮಿತಿಯ ಮುಂದಿನ ಸಭೆಗೆ ಹೋಗಿ. ಕಾರ್ಯಾನುಭವದ ಪೀರಿಯಡ್ಡಿನಲ್ಲಿ ಏನು ನಡೆಯುತ್ತದೆ ಎಂದು ಕೇಳಿ. ಶಾಲೆಯಲ್ಲಿ ಕಸ ಗುಡಿಸುವ ಮಕ್ಕಳು ಯಾರು, ಗುಡಿಸದವರು ಯಾರು ಎಂದು ಕೇಳಿ. ಉತ್ತರವನ್ನು ಬರೆದುಕೊಂಡು ಬನ್ನಿ. ಮುಂದಿನ ತಾಲ್ಲೂಕು ಸಭೆಯಲ್ಲಿ ಆ ಕಾಗದಗಳನ್ನೆಲ್ಲ ಒಟ್ಟು ಮಾಡಿ ವಿದ್ಯಾ ಇಲಾಖೆಯ ಬಾಗಿಲಿಗೆ ನಡೆಯೋಣ.